ಜ್ವರ ಬಿಟ್ಟ ಮೇಲೆ ಮೈಯೆಲ್ಲ ನವೆಯೇ? ಮೊದಲು ದಿನ ಎಣಿಸಿ

ಮಳೆಗಾಲ ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ಜ್ವರ ಹೋಯ್ತು, ಊಟ ಸೇರ್ತಾ ಇದೆ, ಆದರೆ ಅಂಗೈ ಅಂಗಾಲು ತಡೆಯೋಕಾಗದಷ್ಟು ನವೆ, ಇದೇನು ರೋಗ ಒಳಗೇ ಉಳಿದುಬಿಟ್ಟಿದೆಯಾ? ಇನ್ನು ಕೆಲವರಿಗೆ ಜ್ವರ ಇರುವಾಗಲೇ ಮೈಮೇಲೆ ದದ್ದು ಎದ್ದು ಗಾಬರಿ. ಮಗುವಿಗಾದರೆ ಕೇಳೋದೇ ಬೇಡ, ಅಜ್ಜಿ ಒಂದು ಹೇಳ್ತಾರೆ, ಪಕ್ಕದ ಮನೆಯವರು ಇನ್ನೊಂದು, ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೈಗಿಡುತ್ತಾರೆ.

ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದದ್ದು ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ಅದು ಯಾವ ದಿನ ಬಂತು ಅನ್ನುವುದೇ ಎಷ್ಟೋ ಸಲ ಜಾಸ್ತಿ ಕೆಲಸಕ್ಕೆ ಬರುತ್ತದೆ. ಜ್ವರ ಬಂದ ಎಷ್ಟನೇ ದಿನ? ಜ್ವರ ಇಳಿದ ಮೇಲಾ, ಮೊದಲಾ? ಯಾವ ಮಾತ್ರೆ ಶುರು ಮಾಡಿದ ಎಷ್ಟನೇ ದಿನ? ಮೊಬೈಲಿನಲ್ಲಿ ಫೋಟೋ ಹುಡುಕಿ ಹೋಲಿಸುತ್ತಾ ಕೂರುವವರಿಗೆ ಈ ಮೂರು ತಾರೀಖು ಕೇಳಿದರೆ ಉತ್ತರ ಇರುವುದಿಲ್ಲ.

ಕೈಗೆ ಸಿಗುವ ಹಾಗೆ ಇಷ್ಟು ಇಟ್ಟುಕೊಳ್ಳಿ: ಒಂದು ಹಾಳೆ, ಬಾಲ್‌ಪೆನ್, ಪಾರದರ್ಶಕ ಗಾಜಿನ ಲೋಟ, ಥರ್ಮಾಮೀಟರ್, ನೈಲ್ ಕಟರ್, ಮೆತ್ತನೆಯ ಹತ್ತಿ ಬಟ್ಟೆ ಎರಡು, ಕ್ಯಾಲಮೈನ್ ಲೋಷನ್, ವಾಸನೆ ಇಲ್ಲದ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ. ಜೊತೆಗೆ, ಜ್ವರ ಶುರುವಾದಾಗಿನಿಂದ ತೆಗೆದುಕೊಂಡ ಎಲ್ಲ ಮಾತ್ರೆಗಳ ಸ್ಟ್ರಿಪ್. ಖಾಲಿಯಾದದ್ದನ್ನೂ ಎಸೆಯಬೇಡಿ.

1. ಮುಂದೆ ಓದುವ ಮೊದಲು ಇದನ್ನು ನೋಡಿ

ಕೆಳಗಿನವುಗಳಲ್ಲಿ ಒಂದಾದರೂ ಇದ್ದರೆ ಈ ಲೇಖನ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

- ತುಟಿ, ನಾಲಿಗೆ, ಕಣ್ಣಿನ ರೆಪ್ಪೆ ಊದಿಕೊಂಡು ಉಸಿರಾಟಕ್ಕೆ ಕಷ್ಟ, ಧ್ವನಿ ಕಟ್ಟಿದ ಹಾಗಾಗುವುದು.
- ಹೊಟ್ಟೆಯಲ್ಲಿ ಜೋರು ನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ.
- ಕೈಕಾಲು ತಣ್ಣಗಾಗಿ, ಮೂತ್ರ ಕಮ್ಮಿಯಾಗಿ, ರೋಗಿ ಮಂಪರಿಗೆ ಜಾರುವುದು ಅಥವಾ ಸುಮ್ನೆ ಚಡಪಡಿಸುವುದು.
- ಚರ್ಮದಲ್ಲಿ ನವೆಗಿಂತ ಉರಿ, ನೋವೇ ಜಾಸ್ತಿ. ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣು. ಸಿಪ್ಪೆ ಸುಲಿದ ಹಾಗೆ ಚರ್ಮ ಏಳುವುದು.
- ಜ್ವರದ ಜೊತೆ ಕುತ್ತಿಗೆ ಬಗ್ಗಿಸೋಕಾಗದಷ್ಟು ಬಿಗಿತ, ಬೆಳಕು ನೋಡೋಕಾಗದಷ್ಟು ತಲೆನೋವು.

ಬಸುರಿಯರು, ಎಳೆ ಕೂಸುಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಆದವರು, ದಿನಾ ಸ್ಟೀರಾಯ್ಡ್ ಮಾತ್ರೆ ನುಂಗುವವರು ಇವರಿಗೆ ಜ್ವರದ ಜೊತೆ ಯಾವ ದದ್ದು ಬಂದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಮನೆಮದ್ದಿನ ಪ್ರಯೋಗ ಇವರ ಮೇಲೆ ಬೇಡ.

2. ಹಾಳೆಯಲ್ಲಿ ಮೂರು ಗೆರೆ ಎಳೆಯಿರಿ

ಮೊದಲ ಗೆರೆ ಜ್ವರದ್ದು: ಬಂದ ದಿನ, ಇಳಿದ ದಿನ. ಎರಡನೆಯದು ದದ್ದಿನದು: ಮೊದಲು ಎಲ್ಲಿ ಕಂಡಿತು, ಆಮೇಲೆ ಎಲ್ಲಿಗೆ ಹರಡಿತು. ಮೂರನೆಯದು ಔಷಧಿಯದು: ಪ್ರತಿ ಮಾತ್ರೆ, ಸಿರಪ್, ಇಂಜೆಕ್ಷನ್, ಕಷಾಯ, ಮೈಗೆ ಹಚ್ಚಿದ ಎಣ್ಣೆ ಸಹ.

ಜ್ವರ ಬಂದ ದಿನವನ್ನು 1 ಅಂತ ಎಣಿಸಿ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಡಾಕ್ಟರ ಹತ್ತಿರ ಹೋದ ದಿನದಿಂದ ಎಣಿಸುತ್ತಾರೆ, ಅಷ್ಟರಲ್ಲಿ ಎರಡು ದಿನ ಆಗಲೇ ಕಳೆದಿರುತ್ತದೆ. ಡೆಂಗಿಯಲ್ಲಿ ಈ ಎರಡು ದಿನದ ವ್ಯತ್ಯಾಸ ದೊಡ್ಡದು. ಎನ್‌ಎಸ್1 ಅನ್ನುವ ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ಸಿನದೇ ಒಂದು ತುಣುಕನ್ನು ಹುಡುಕುವುದು, ಮೊದಲ 5 ದಿನಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಐಜಿಎಂ, ಅಂದರೆ ನಮ್ಮ ದೇಹ ವೈರಸ್ಸಿನ ವಿರುದ್ಧ ತಯಾರಿಸಿದ ಪ್ರತಿಕಾಯ ನೋಡುತ್ತಾರೆ. ದಿನ ತಪ್ಪಿದರೆ ಪರೀಕ್ಷೆ ನೆಗೆಟಿವ್ ಬಂದು, ಡೆಂಗಿ ಅಲ್ಲ ಬಿಡಿ ಅಂತ ನೀವು ನಿರಾಳವಾಗಿಬಿಡಬಹುದು.

3. ಲೋಟ ಒತ್ತಿ, ಪೆನ್ನಿನಿಂದ ಸುತ್ತು ಹಾಕಿ

ಗಾಜಿನ ಲೋಟದ ಬದಿಯನ್ನು ದದ್ದಿನ ಮೇಲೆ ಗಟ್ಟಿಯಾಗಿ ಒತ್ತಿ, ಗಾಜಿನ ಮೂಲಕ ನೋಡಿ. ಬಣ್ಣ ಮಾಯವಾದರೆ ರಕ್ತನಾಳ ಹಿಗ್ಗಿರುವುದರಿಂದ ಆದ ದದ್ದು. ಮಾಯವಾಗದೆ ಚುಕ್ಕೆಗಳು ಹಾಗೇ ಉಳಿದರೆ ಚರ್ಮದ ಕೆಳಗೆ ಸಣ್ಣದಾಗಿ ರಕ್ತ ಒಸರಿದೆ ಅಂತ ಅರ್ಥ. ಡೆಂಗಿಯಲ್ಲಿ ಇಂಥ ಚುಕ್ಕೆ ಕಾಣಿಸುವುದುಂಟು, ಅದೊಂದೇ ಸಾವಿನ ಗಂಟೆಯೇನಲ್ಲ. ಆದರೆ ಇದನ್ನು ಡಾಕ್ಟರು ಅದೇ ದಿನ ನೋಡಬೇಕು. ಜ್ವರ ಇದ್ದು, ಚುಕ್ಕೆ ಬೇಗ ಬೇಗ ಹರಡುತ್ತಿದ್ದರೆ ಅದೇ ಗಂಟೆ.

ಇನ್ನು ಪೆನ್ನು. ಉಬ್ಬಿದ ದದ್ದೊಂದರ ಸುತ್ತ ಗೆರೆ ಎಳೆದು ಗಂಟೆ ಬರೆದಿಡಿ. 24 ಗಂಟೆಯೊಳಗೆ ಆ ಜಾಗ ಖಾಲಿಯಾಗಿ ಬೇರೆ ಕಡೆ ಎದ್ದಿದ್ದರೆ ಅದು ಗಂಧೆ. ನಮ್ಮ ಕಡೆ ಪಿತ್ತದ ಗಂಧೆ ಅನ್ನುತ್ತಾರಲ್ಲ, ಅದೇ. ಅಲ್ಲೇ ಕೂತಿದ್ದರೆ ಬೇರೆ ಏನೋ.

ಒಂದು ಎಚ್ಚರಿಕೆ. ಪುಸ್ತಕಗಳಲ್ಲಿ ಕೆಂಪು ದದ್ದು ಅಂತ ಬರೆದಿರುತ್ತದೆ. ನಮ್ಮ ಗೋಧಿ ಬಣ್ಣ, ಎಣ್ಣೆಗಪ್ಪು ಮೈಯಲ್ಲಿ ಅದು ಕೆಂಪಾಗಿ ಕಾಣಬೇಕೆಂದೇನಿಲ್ಲ. ಕಂದು, ನೇರಳೆ, ಅಥವಾ ಸುಮ್ನೆ ಮಿಕ್ಕ ಚರ್ಮಕ್ಕಿಂತ ಒಂದು ಛಾಯೆ ಗಾಢ, ಅಷ್ಟೇ. ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಕಿಟಕಿ ಹತ್ತಿರ ಹಗಲು ಬೆಳಕಿಗೆ ಬನ್ನಿ. ಅಂಗೈ, ಅಂಗಾಲು, ತುಟಿಯ ಒಳಭಾಗ, ಕಣ್ಣಿನ ಕೆಳರೆಪ್ಪೆಯ ಒಳಗೆ ನೋಡಿ. ಕೈ ಸವರಿ ಬಿಸಿ ಇದೆಯಾ, ಉಬ್ಬಿದೆಯಾ ಗಮನಿಸಿ.

4. ಯಾವುದಿರಬಹುದು ಅಂತ ಅಂದಾಜು ಮಾಡಿ

ಅಂದಾಜು ಅಷ್ಟೇ, ತೀರ್ಪಲ್ಲ. ಆದರೂ ಅಂದಾಜು ಇದ್ದರೆ ಗಾಬರಿ ಅರ್ಧ ಇಳಿಯುತ್ತದೆ.

*ಡೆಂಗಿ.* ಜಾಸ್ತಿ ಪ್ರಶ್ನೆ ಇದರ ಬಗ್ಗೆಯೇ ಬರುವುದರಿಂದ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ. ಮೊದಲ ಒಂದೆರಡು ದಿನ ಮುಖ, ಕುತ್ತಿಗೆ, ಎದೆ ಬಿಸಿಲಿಗೆ ಬೆಂದ ಹಾಗೆ ಕೆಂಪಾಗಬಹುದು. ಜ್ವರ ಇಳಿಯುವ ಹೊತ್ತಿಗೆ, ಅಥವಾ ಇಳಿದ ಮೇಲೆ, ಎರಡನೇ ದದ್ದು ಬರುತ್ತದೆ. ಕೈಕಾಲೆಲ್ಲ ಕೆಂಪು ಹರಡಿ, ನಡುನಡುವೆ ಸಣ್ಣ ದುಂಡನೆಯ ಜಾಗಗಳು ಮಾತ್ರ ಸಹಜ ಬಣ್ಣದಲ್ಲಿ ಉಳಿಯುತ್ತವೆ, ರವೆ ದೋಸೆಯಲ್ಲಿ ತೂತು ಬಿದ್ದ ಹಾಗೆ. ಡಾಕ್ಟರುಗಳ ಪುಸ್ತಕದಲ್ಲಿ ಇದಕ್ಕೆ ಕೆಂಪು ಸಮುದ್ರದಲ್ಲಿ ಬಿಳಿ ದ್ವೀಪಗಳು ಅನ್ನುವ ಹೆಸರಿದೆ. ನವೆ ಶುರುವಾಗುವುದು ಇಲ್ಲಿಂದ. ಅಂಗೈ ಅಂಗಾಲಿನಲ್ಲಿ ಅದು ಎಷ್ಟು ಜೋರಿರುತ್ತದೆ ಅಂದರೆ, ನನಗೆ ಬಂದಾಗ ರಾತ್ರಿ ಎರಡು ಗಂಟೆಗೆ ಬಚ್ಚಲ ಬಾಗಿಲಿನ ಕಾಲೊರೆಸೋ ಗೋಣಿಚೀಲಕ್ಕೆ ಅಂಗಾಲು ಉಜ್ಜುತ್ತಾ ನಿಂತಿದ್ದೆ. ಉಜ್ಜಬಾರದಿತ್ತು.

ಈ ದದ್ದು ಸಾಮಾನ್ಯವಾಗಿ ಚೇತರಿಕೆಯ ಗುರುತು. ಕೆಲವು ದಿನ, ಒಂದು ವಾರ ಕಾಡಿ ಹೋಗುತ್ತದೆ, ಕೆಲವರಿಗೆ ಆಮೇಲೆ ಚರ್ಮದ ಸಿಪ್ಪೆ ಏಳುತ್ತದೆ. ವೈರಸ್ ಹೊರಗೆ ಬರ್ತಾ ಇದೆ ಅಂತಲೂ ಅಲ್ಲ, ಒಳಗೆ ಉಳಿದಿದೆ ಅಂತಲೂ ಅಲ್ಲ. ಇದು ದೇಹದ ರಕ್ಷಣಾ ವ್ಯವಸ್ಥೆ ಇನ್ನೂ ಸದ್ದು ಮಾಡುತ್ತಿರುವುದು.

ಆದರೆ ಗಮನಿಸಿ, ಡೆಂಗಿಯ ಅಪಾಯದ ಹೊತ್ತೂ ಜ್ವರ ಇಳಿಯುವಾಗಲೇ ಬರುವುದು. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ, ಸುಮಾರು 24ರಿಂದ 48 ಗಂಟೆ. ಆಗ ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಬಿದ್ದುಹೋಗಬಹುದು. ಅಂದರೆ ಜ್ವರ ಬಿಟ್ಟಿತು ಅಂತ ಮಗುವಿಗೆ ತಲೆಗೆ ನೀರು ಹಾಕಿ ಶಾಲೆಗೆ ಕಳಿಸುವ ದಿನವೇ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದ ದಿನ. ದದ್ದು ಎಷ್ಟಿದೆ ಅಂತ ನೋಡುವುದಲ್ಲ, ಮೂತ್ರ ಸರಿಯಾಗಿ ಹೋಗ್ತಿದೆಯಾ, ಹೊಟ್ಟೆ ನೋವಿದೆಯಾ, ಎಚ್ಚರವಾಗಿದೆಯಾ ಅಂತ ನೋಡುವುದು. ಪ್ಲೇಟ್‌ಲೆಟ್ ಸಂಖ್ಯೆ ಒಂದನ್ನೇ ಹಿಡಿದು ಕೂರುವ ಚಟ ನಮ್ಮಲ್ಲಿದೆ. ನವೆ ಜಾಸ್ತಿ ಆದರೆ ಪ್ಲೇಟ್‌ಲೆಟ್ ಇಳಿದಿದೆ ಅನ್ನುವ ಲೆಕ್ಕ ಮಾತ್ರ ಎಲ್ಲೂ ಇಲ್ಲ. ಪಪ್ಪಾಯಿ ಎಲೆ ರಸ ಕುಡಿಸಿ ಮಗು ವಾಂತಿ ಮಾಡಿಕೊಂಡರೆ, ಆ ವಾಂತಿ ಅಪಾಯದ್ದೋ ಎಲೆಯದ್ದೋ ಅಂತ ಗೊತ್ತಾಗದೆ ಒದ್ದಾಡುವವರು ನೀವೇ.

*ಚಿಕುನ್‌ಗುನ್ಯಾ.* 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಜನ ಕೀಲು ಹಿಡಿದು ಮಲಗಿದ್ದು ನೆನಪಿರುವವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಜ್ವರ, ಕೀಲು ನೋವು, ಅದರ ಜೊತೆ 2ರಿಂದ 5 ದಿನದೊಳಗೆ ಎದೆ, ಕೈಕಾಲಿನ ಮೇಲೆ ನವೆಯ ದದ್ದು. ಆಮೇಲೆ ಕೆಲವರಿಗೆ ಮೂಗಿನ ತುದಿ, ಕೆನ್ನೆ ಕಪ್ಪಾಗುತ್ತದೆ. ಅದು ಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಉಜ್ಜಿದರೆ ಹೋಗುವುದಿಲ್ಲ, ಇನ್ನೂ ಕಪ್ಪಾಗುತ್ತದೆ.

*ಅಮ್ಮ, ಅಂದರೆ ಚಿಕನ್‌ಪಾಕ್ಸ್.* ಸೀತಾಳೆ ಸಿಡುಬು ಅಂತಲೂ ಕರೆಯುತ್ತಾರೆ, ಆದರೆ ಹಳೆಯ ಸಿಡುಬೇ ಬೇರೆ, ಅದು ಜಗತ್ತಿನಿಂದಲೇ ತೊಲಗಿತು ಅಂತ 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ. ಚಿಕನ್‌ಪಾಕ್ಸ್ ಗುರುತಿಸುವುದು ಸುಲಭ. ಮೈಮೇಲೆ ಒಂದೇ ಕಡೆ ಹೊಸ ಚುಕ್ಕೆ, ನೀರು ತುಂಬಿದ ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಟ್ಟಿಗೆ ಕಾಣುತ್ತವೆ. ತಲೆಗೂದಲ ಒಳಗೂ ಇರುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆ ಹಕ್ಕಳೆಗಟ್ಟುವವರೆಗೆ ಹರಡುತ್ತದೆ. ಕೊನೆಯ ಗುಳ್ಳೆ ಒಣಗದೆ ಶಾಲೆ, ಮದುವೆ, ಬಸ್ಸು ಯಾವುದೂ ಬೇಡ. ದೊಡ್ಡವರಿಗೆ ಬಂದರೆ ಜೋರಾಗಿಯೇ ಬರುತ್ತದೆ. ಗುಳ್ಳೆ ಕಂಡ 24 ಗಂಟೆಯೊಳಗೆ ಡಾಕ್ಟರನ್ನು ಕಂಡರೆ ಅಸೈಕ್ಲೋವಿರ್ ಅನ್ನುವ ವೈರಸ್ ವಿರುದ್ಧದ ಔಷಧಿ ಕೊಡಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ. ಐದು ದಿನ ಬಿಟ್ಟು ಹೋದರೆ ಅದರಿಂದ ಸಿಗುವ ಲಾಭ ಕಡಿಮೆ.

ಬೇವಿನ ಸೊಪ್ಪು ಬಾಗಿಲಿಗೆ ಕಟ್ಟಿ, ಅದರಿಂದ ಯಾರಿಗೂ ತೊಂದರೆ ಇಲ್ಲ, ನೆಂಟರು ಒಳಗೆ ಬಾರದ ಹಾಗೆ ಒಂದು ಬೋರ್ಡ್ ಹಾಕಿದ ಹಾಗಾಗುತ್ತದೆ. ಆದರೆ ನವೆಯಾದ ಕಡೆ ಬೇವಿನ ಕಡ್ಡಿಯಿಂದ ಸವರಿ ಗುಳ್ಳೆ ಒಡೆಯಬೇಡಿ. ನೀರು ಹಾಕುವ ಶಾಸ್ತ್ರದ ದಿನದವರೆಗೆ ಸ್ನಾನವೇ ಇಲ್ಲ ಅನ್ನುವುದೂ ಬೇಡ. ಬೆವರು, ಕೊಳೆ, ಉಗುರು ಸೇರಿದರೆ ಗುಳ್ಳೆ ಕೀವಾಗುತ್ತದೆ, ಕಲೆ ಉಳಿಯುವುದು ಇಂಥ ಗುಳ್ಳೆಯದೇ ಜಾಸ್ತಿ.

*ಗಂಧೆ.* ಮಕ್ಕಳಿಗೆ ನೆಗಡಿ, ವೈರಲ್ ಜ್ವರದ ಜೊತೆಗೋ ಅದಾದ ಮೇಲೋ ಮೈಯೆಲ್ಲ ಗಂಧೆ ಏಳುವುದು ಬಹಳ ಮಾಮೂಲಿ. ಮನೆಯವರೆಲ್ಲ ಹಿಂದಿನ ದಿನ ತಿಂದ ಮೊಟ್ಟೆ, ಬದನೆಕಾಯಿ, ಹುರಳಿಕಾಯಿಯ ಮೇಲೆ ತಪ್ಪು ಹೊರಿಸುತ್ತಾರೆ. ಎಷ್ಟೋ ಸಲ ತಪ್ಪು ವೈರಸ್ಸಿನದು. ಕೆಲವು ದಿನ, ಒಂದೆರಡು ವಾರ ಬಂದು ಹೋಗಿ ಮಾಡುತ್ತದೆ. 6 ವಾರ ದಾಟಿದರೆ ಮಾತ್ರ ಬೇರೆ ರೀತಿ ವಿಚಾರಿಸಬೇಕು.

*ಬೆನ್ನಿನ ಮೇಲೆ ಅಂಡಾಕಾರದ ಮಚ್ಚೆಗಳು.* ಮೊದಲು ಒಂದೇ ಒಂದು ದೊಡ್ಡ ಮಚ್ಚೆ, ಅಂಚಿನಲ್ಲಿ ಸಣ್ಣ ಹೊಟ್ಟು. ಒಂದೆರಡು ವಾರ ಬಿಟ್ಟು ಎದೆ, ಬೆನ್ನಿನ ತುಂಬ ಚಿಕ್ಕಚಿಕ್ಕವು. ಪಿಟಿರಿಯಾಸಿಸ್ ರೋಸಿಯಾ ಅಂತ ಇದರ ಹೆಸರು. ಚಿಕ್ಕಂದಿನಲ್ಲಿ ಬಂದು ದೇಹದಲ್ಲೇ ಅಡಗಿದ್ದ ವೈರಸ್ ಮತ್ತೆ ಎದ್ದು ಇದು ಬರುತ್ತದೆ ಅನ್ನುವುದು ತಜ್ಞರ ಅಭಿಪ್ರಾಯ. ಹುಳುಕಡ್ಡಿ ಅಂದುಕೊಂಡು ಜನ ತಿಂಗಳುಗಟ್ಟಲೆ ಫಂಗಸ್ಸಿನ ಕ್ರೀಮ್ ಹಚ್ಚುತ್ತಾರೆ. 6ರಿಂದ 8 ವಾರದಲ್ಲಿ ತಾನಾಗಿ ಹೋಗುತ್ತದೆ, ಕ್ರೀಮಿಗೆ ಹೆಸರು ಬರುತ್ತದೆ. ಬಸುರಿಯರಾದರೆ ಡಾಕ್ಟರಿಗೆ ಹೇಳಿ.

*ಸರ್ಪಸುತ್ತು.* ಹಳೆಯ ಚಿಕನ್‌ಪಾಕ್ಸ್ ವೈರಸ್ಸೇ ವರ್ಷಗಳ ನಂತರ ಒಂದು ನರದ ಗುಂಟ ಏಳುವುದು. ದೇಹದ ಒಂದೇ ಬದಿ, ಪಟ್ಟಿಯ ಹಾಗೆ, ಮೊದಲು ಉರಿ, ನೋವು, ಆಮೇಲೆ ಗುಳ್ಳೆ. ತಲೆ ಬಾಲ ಸೇರಿದರೆ ಪ್ರಾಣಕ್ಕೆ ಅಪಾಯ ಅನ್ನುವ ಮಾತು ನಂಬಿ, ಕೆಮ್ಮಣ್ಣು ಬರೆಸಿಕೊಂಡು, ಮಂತ್ರ ಹಾಕಿಸಿಕೊಂಡು ಮೂರು ದಿನ ಕಳೆಯುತ್ತಾರೆ. ಔಷಧಿ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 72 ಗಂಟೆಯೊಳಗೆ. ಮಂತ್ರ ಬೇಕಾದರೆ ಮಾತ್ರೆ ನುಂಗಿ ಹಾಕಿಸಿಕೊಳ್ಳಿ. ಕಣ್ಣು, ಮೂಗಿನ ತುದಿಯ ಹತ್ತಿರ ಎದ್ದರೆ ಒಂದು ದಿನವೂ ಕಾಯಬೇಡಿ.

ದಡಾರ, ಅಂದರೆ ಮೀಸಲ್ಸ್: ಜೋರು ಜ್ವರ, ಕೆಮ್ಮು, ಕೆಂಪು ಕಣ್ಣು, ಆಮೇಲೆ ಕಿವಿಯ ಹಿಂದಿನಿಂದ, ಮುಖದಿಂದ ಕೆಳಗಿಳಿಯುವ ದದ್ದು. ಇದರಲ್ಲಿ ನವೆ ದೊಡ್ಡ ವಿಷಯವಲ್ಲ, ನ್ಯುಮೋನಿಯಾ ದೊಡ್ಡ ವಿಷಯ. ಡಾಕ್ಟರಿಗೆ ತೋರಿಸಿ, ಆಶಾ ಕಾರ್ಯಕರ್ತೆಗೂ ತಿಳಿಸಿ. ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಿನಲ್ಲಿ ಗುಳ್ಳೆ ಇರುವ ಪುಟ್ಟ ಮಕ್ಕಳದು ಹೆಚ್ಚಾಗಿ ಕೈ-ಕಾಲು-ಬಾಯಿ ರೋಗ. ಅದು ವಾಸಿಯಾಗಿ ತಿಂಗಳು ಒಂದೆರಡು ಕಳೆದ ಮೇಲೆ ಉಗುರು ಕಳಚಿದರೆ ಹೆದರಬೇಡಿ, ಹೊಸದು ಬರುತ್ತದೆ.

5. ಮಾತ್ರೆಯ ಮೇಲೂ ಅನುಮಾನ ಇರಲಿ

ಹಾಳೆಯ ಮೂರನೇ ಗೆರೆ ಈಗ ನೋಡಿ. ಹೊಸ ಔಷಧಿ ಶುರು ಮಾಡಿದ 4ರಿಂದ 14 ದಿನದೊಳಗೆ, ಎದೆ ಬೆನ್ನಿನಿಂದ ಶುರುವಾಗಿ ಎರಡೂ ಕಡೆ ಒಂದೇ ಸಮನಾಗಿ ಹರಡಿದ ನವೆಯ ದದ್ದು ಔಷಧಿಯದೂ ಇರಬಹುದು. ಆ ಔಷಧಿ ಮೊದಲೊಮ್ಮೆ ತೊಂದರೆ ಕೊಟ್ಟಿದ್ದರೆ ಇನ್ನೂ ಬೇಗ ಬರುತ್ತದೆ. ವೈರಸ್ ಜ್ವರಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ ಅಂತ ಗೊತ್ತಿದ್ದೂ ಹೋದ ಸಲ ಉಳಿದಿದ್ದ ನಾಲ್ಕು ಮಾತ್ರೆ ನುಂಗುವವರು ನಮ್ಮಲ್ಲಿ ಕಮ್ಮಿ ಏನಿಲ್ಲ. ಗಂಟಲು ನೋವು, ಕುತ್ತಿಗೆ ಗಂಟು ಬರುವ ಎಪ್‌ಸ್ಟೀನ್-ಬಾರ್ ಅನ್ನುವ ಒಂದು ವೈರಸ್ ಇದೆ. ಅದು ಇರುವಾಗ ಅಮಾಕ್ಸಿಸಿಲಿನ್ ತೆಗೆದುಕೊಂಡರೆ ಮೈಯೆಲ್ಲ ದದ್ದು ಏಳುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ.

ನೀವಾಗಿ ತೆಗೆದುಕೊಂಡದ್ದಾದರೆ ನಿಲ್ಲಿಸಿ. ಡಾಕ್ಟರು ಕೊಟ್ಟದ್ದಾದರೆ ಅವರಿಗೆ ಫೋನ್ ಮಾಡಿ ಕೇಳಿ ನಿಲ್ಲಿಸಿ. ಫಿಟ್ಸ್, ಬಿಪಿ, ಹೃದಯದ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸುವ ಸಾಹಸ ಮಾಡಬೇಡಿ. ಇದೇ ಮಾತ್ರೆಯದು ಅಂತ ಖಚಿತವಾದರೆ ಅದರ ಹೆಸರು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಬ್ರ್ಯಾಂಡ್ ಹೆಸರಲ್ಲ, ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು.

6. ನವೆ ತಣಿಸುವುದು

ಇದು ಮನೆಯಲ್ಲೇ ಆಗುವ ಕೆಲಸ, ಮತ್ತು ಬಹಳಷ್ಟು ಜನಕ್ಕೆ ಇದರಲ್ಲೇ ಮುಗಿಯುತ್ತದೆ.

ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ ನವೆಯ ಜಾಗದ ಮೇಲೆ 10ರಿಂದ 15 ನಿಮಿಷ ಇಡಿ. ದಿನಕ್ಕೆ ಎಷ್ಟು ಸಲ ಬೇಕಾದರೂ. ಐಸ್ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ, ನೇರ ಚರ್ಮಕ್ಕೆ ಬೇಡ. ಅಂಗೈ ಅಂಗಾಲಿನ ಡೆಂಗಿ ನವೆಗೆ ನನಗೆ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ, ಆಮೇಲೆ ದಪ್ಪಗೆ ಪೆಟ್ರೋಲಿಯಂ ಜೆಲ್ಲಿ.

ಸ್ನಾನ ಉಗುರುಬೆಚ್ಚಗಿನ ನೀರಲ್ಲಿ, 10 ನಿಮಿಷದೊಳಗೆ. ಸುಡುಸುಡು ನೀರು ಹುಯ್ದುಕೊಂಡರೆ ಆ ಕ್ಷಣಕ್ಕೆ ಸ್ವರ್ಗ ಅನ್ನಿಸುತ್ತದೆ, ಅರ್ಧ ಗಂಟೆಯಲ್ಲಿ ನವೆ ಎರಡರಷ್ಟಾಗುತ್ತದೆ. ಈ ತಪ್ಪು ಮಾಡದವರನ್ನು ನಾನು ನೋಡಿಲ್ಲ. ಬಕೆಟ್ಟಿಗೆ ಕ್ರಿಮಿನಾಶಕ ದ್ರಾವಣ ಸುರಿಯುವುದು, ಕಡಲೆಹಿಟ್ಟು ಹಾಕಿ ತಿಕ್ಕುವುದು, ಪೀಚಿನಿಂದ ಉಜ್ಜುವುದು ಇವೆಲ್ಲ ಬೇಡ. ಓಟ್ಸ್ ಇದ್ದರೆ ನುಣ್ಣಗೆ ಪುಡಿ ಮಾಡಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಬಕೆಟ್ಟಿನಲ್ಲಿ ಹಿಂಡಿ, ನೀರು ಹಾಲಿನ ಹಾಗಾದ ಮೇಲೆ ಮೈಗೆ ಹುಯ್ದುಕೊಳ್ಳಿ. ಮೈ ಒರೆಸುವಾಗ ಟವೆಲ್ ಒತ್ತಿ ತೆಗೆಯಿರಿ, ತಿಕ್ಕಬೇಡಿ. ಚರ್ಮ ಇನ್ನೂ ಸ್ವಲ್ಪ ಒದ್ದೆಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಒಣಗಿದ ಚರ್ಮ ತಾನೇ ನವೆ ಹುಟ್ಟಿಸುತ್ತದೆ.

ಕ್ಯಾಲಮೈನ್ ಲೋಷನ್ ಬಾಟಲಿ ಚೆನ್ನಾಗಿ ಕುಲುಕಿ, ಹತ್ತಿಯಲ್ಲಿ ಅದ್ದಿ, ದಿನಕ್ಕೆ ಮೂರು ನಾಲ್ಕು ಸಲ ಹಚ್ಚಬಹುದು. ಕಣ್ಣು, ಬಾಯಿ, ಒಡೆದ ಹುಣ್ಣಿನ ಮೇಲೆ ಬೇಡ. ಕೊಳ್ಳುವಾಗ ಲೇಬಲ್ ಓದಿ, ಮುಖದ ಅಂದಕ್ಕೆ ಹಚ್ಚುವ ಲೋಷನ್‌ಗಳನ್ನೂ ಇದೇ ಅಂತ ಕೊಟ್ಟುಬಿಡುತ್ತಾರೆ.

ದೊಡ್ಡಪತ್ರೆ ರಸ ಹಚ್ಚಬಹುದಾ ಅಂತ ಕೇಳುವವರು ಬಹಳ. ಗಂಧೆ ಎದ್ದಾಗ ದೊಡ್ಡಪತ್ರೆ ಕಿವುಚಿ ಹಚ್ಚದ ಮನೆ ಹಳೇ ಮೈಸೂರಿನಲ್ಲಿ ಇದೆಯಾ? ಒಡೆಯದ ಚರ್ಮಕ್ಕೆ, ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ ಉರಿ ಇಲ್ಲ ಅಂತ ನೋಡಿಕೊಂಡು ಹಚ್ಚಿದರೆ ಅಭ್ಯಂತರವಿಲ್ಲ, ತಂಪೆನಿಸಬಹುದು. ವಾಸಿ ಮಾಡುತ್ತದೆ ಅಂತ ನಾನು ಹೇಳಲಾರೆ. ಅದರ ಜೊತೆಗಿನ ಇನ್ನೊಂದು ಪದ್ಧತಿ, ಕಂಬಳಿಯಿಂದ ಮೈ ಉಜ್ಜುವುದು, ಅದು ಮಾತ್ರ ಬೇಡವೇ ಬೇಡ. ಉಜ್ಜಿದಷ್ಟೂ ಚರ್ಮದೊಳಗಿನ ಕಣಗಳಿಂದ ಹಿಸ್ಟಮಿನ್, ಅಂದರೆ ನವೆ ಹುಟ್ಟಿಸುವ ರಾಸಾಯನಿಕ, ಇನ್ನಷ್ಟು ಬಿಡುಗಡೆಯಾಗಿ ಗಂಧೆ ಹೆಚ್ಚುತ್ತದೆ. ಒಡೆದ ಗುಳ್ಳೆಗೆ ಅರಿಶಿನ, ಸುಣ್ಣ, ಟೂತ್‌ಪೇಸ್ಟ್ ಮೆತ್ತುವುದೂ ಬೇಡ.

ನಂಜಿನ ಪಥ್ಯದ ಬಗ್ಗೆ ಒಂದು ಮಾತು. ಬದನೆಕಾಯಿ ನಂಜು, ಮೊಟ್ಟೆ ನಂಜು, ಮೀನು ನಂಜು ಅಂತ ಬರೀ ಗಂಜಿಯಲ್ಲಿ ಹದಿನೈದು ದಿನ ಇಟ್ಟರೆ ರೋಗಿ ಸೊರಗುತ್ತಾನೆ ಅಷ್ಟೇ. ತಿಂದಾಗಲೆಲ್ಲ ತೊಂದರೆ ಕೊಟ್ಟ ಪದಾರ್ಥ ಬಿಡಿ, ಮಿಕ್ಕದ್ದು ತಿನ್ನಿ. ನೀರು, ಎಳನೀರು, ಮಜ್ಜಿಗೆ, ಓಆರ್‌ಎಸ್ ಸಾಕಷ್ಟು ಕುಡಿಯಿರಿ.

7. ಮಾತ್ರೆ, ಕ್ರೀಮು, ಇಂಜೆಕ್ಷನ್

ನವೆಯ ಮಾತ್ರೆಗೆ ಆಂಟಿಹಿಸ್ಟಮಿನ್ ಅನ್ನುತ್ತಾರೆ, ಮೇಲೆ ಹೇಳಿದ ಹಿಸ್ಟಮಿನ್ನಿನ ಕೆಲಸ ತಡೆಯುವಂಥದ್ದು. ಸೆಟಿರಿಜಿನ್ 10 ಮಿಲಿಗ್ರಾಂ ದಿನಕ್ಕೆ ಒಂದು, ಇದು ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವ ಪ್ರಮಾಣ. ಕಿಡ್ನಿ ತೊಂದರೆ ಇದ್ದರೆ, ಬಸುರಿಯಾಗಿದ್ದರೆ, ಎದೆಹಾಲು ಕೊಡುತ್ತಿದ್ದರೆ ಕೇಳದೆ ಬೇಡ. ಮಕ್ಕಳಿಗೆ ವಯಸ್ಸು, ತೂಕ ನೋಡಿ ಡಾಕ್ಟರು ಹೇಳಿದಷ್ಟು ಸಿರಪ್. ಗಂಧೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಡೆಂಗಿಯ ನವೆಗೆ ಅರ್ಧಂಬರ್ಧ. ಕಮ್ಮಿ ಆಗಲಿಲ್ಲ ಅಂತ ನೀವೇ ಎರಡು ಮೂರು ನುಂಗಬೇಡಿ.

ಮೂರು ಹೊಂಡಗಳು ಇಲ್ಲಿವೆ. ಒಂದು, ನಿದ್ದೆ. ಮಾತ್ರೆ ತೆಗೆದುಕೊಂಡು ಬೈಕ್ ಓಡಿಸಬೇಡಿ. ಡೆಂಗಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ: ಅಪಾಯದ 48 ಗಂಟೆಯಲ್ಲಿ ಮಂಪರು ಬರಿಸುವ ಮಾತ್ರೆ ಕೊಟ್ಟರೆ, ರೋಗಿ ಜೋತುಬಿದ್ದಿರುವುದು ಮಾತ್ರೆಯಿಂದಲೋ ರೋಗದಿಂದಲೋ ಗೊತ್ತಾಗುವುದಿಲ್ಲ. ಆ ಹೊತ್ತು ದಾಟುವವರೆಗೆ ತಣ್ಣೀರು ಬಟ್ಟೆಯಲ್ಲೇ ಸುಧಾರಿಸಿ, ಮಾತ್ರೆ ಬೇಕೇ ಬೇಕಾದರೆ ಡಾಕ್ಟರನ್ನು ಕೇಳಿ. ಎರಡು, ನೆಗಡಿ ಮಾತ್ರೆಗಳು. ಅನೇಕ ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಮತ್ತು ನಿದ್ದೆ ಬರಿಸುವ ಆಂಟಿಹಿಸ್ಟಮಿನ್ ಎರಡೂ ಸೇರಿರುತ್ತವೆ. ಅದರ ಮೇಲೆ ಜ್ವರದ್ದೊಂದು, ನವೆಯದ್ದೊಂದು ನುಂಗಿದರೆ ಎರಡೆರಡು ಪಾಲು ಹೊಟ್ಟೆ ಸೇರಿತು. ಮೂರು, ನೋವಿನ ಮಾತ್ರೆ. ಡೆಂಗಿ ಅನುಮಾನ ಇರುವಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಅಪಾಯ. ಚಿಕನ್‌ಪಾಕ್ಸ್ ಆದ ಮಕ್ಕಳಿಗೆ ಆಸ್ಪಿರಿನ್ ಖಂಡಿತ ಬೇಡ, ಐಬುಪ್ರೊಫೆನ್ನೂ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವೇ ನಿಲ್ಲಿಸದೆ ತಕ್ಷಣ ಡಾಕ್ಟರನ್ನು ಕೇಳಿ.

ಕ್ರೀಮಿನ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ನವೆ ಅಂದ ತಕ್ಷಣ ಕೌಂಟರಿನ ಮೇಲೆ ಬರುವ ಅಗ್ಗದ ಟ್ಯೂಬುಗಳಲ್ಲಿ ಸ್ಟೀರಾಯ್ಡ್, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರನ್ನೂ ಕಲಸಿಟ್ಟಿರುತ್ತಾರೆ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಅಂತ ಇದ್ದರೆ ಅದು ಜೋರಾದ ಸ್ಟೀರಾಯ್ಡ್. ಹಚ್ಚಿದ ದಿನ ಜಾದೂ, ಬಿಟ್ಟ ಮೇಲೆ ದುಪ್ಪಟ್ಟು. ಮುಖಕ್ಕೆ, ತೊಡೆಸಂದಿಗೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಚಿಕನ್‌ಪಾಕ್ಸ್, ಸರ್ಪಸುತ್ತಿನ ಗುಳ್ಳೆಗೆ ಹಚ್ಚಿದರೆ ಸೋಂಕು ಬಿಗಡಾಯಿಸಬಹುದು. ಸ್ಟೀರಾಯ್ಡ್ ಕೆಟ್ಟದ್ದು ಅಂತಲ್ಲ, ಯಾವ ದದ್ದಿಗೆ, ಯಾವ ಬಲದ್ದು, ಎಷ್ಟು ದಿನ ಅಂತ ಡಾಕ್ಟರು ಬರೆದುಕೊಟ್ಟರೆ ಹಚ್ಚಿ.

ಒಂದು ಸೂಜಿ ಹಾಕಿಬಿಡಿ ಸಾರ್ ಅಂತ ಕೇಳುವುದನ್ನೂ ಬಿಡಬೇಕು. ನವೆಗೆ ಹಾಕುವ ಇಂಜೆಕ್ಷನ್‌ನಲ್ಲೂ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಏರುತ್ತದೆ. ಪ್ಲೇಟ್‌ಲೆಟ್ ಕಮ್ಮಿ ಇರುವಾಗ ಮಾಂಸಖಂಡಕ್ಕೆ ಸೂಜಿ ಚುಚ್ಚಿದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಊದುವುದುಂಟು.

8. ರಾತ್ರಿ ಕಳೆಯುವುದು

ನವೆ ರಾತ್ರಿಯೇ ಜಾಸ್ತಿ. ಹೊದಿಕೆಯ ಬಿಸಿ, ಗಮನ ಬೇರೆ ಕಡೆ ಹೋಗದಿರುವುದು, ಎರಡೂ ಸೇರುತ್ತವೆ. ಮಲಗುವ ಮುಂಚೆ ಸ್ನಾನ, ಸಡಿಲ ಹತ್ತಿ ಬಟ್ಟೆ, ಫ್ಯಾನು. ಉಗುರು ಬುಡಕ್ಕೆ ಕತ್ತರಿಸಿ ಅಂಚು ಉಜ್ಜಿ. ಪುಟ್ಟ ಮಕ್ಕಳಿಗೆ ಹತ್ತಿಯ ಕೈಗವಸು ಅಥವಾ ಹಳೇ ಸಾಕ್ಸ್ ಕೈಗೆ ಹಾಕಿ. ತಡೆಯೋಕಾಗದಾಗ ಕೆರೆಯುವ ಬದಲು ಅಂಗೈಯಿಂದ ಒತ್ತಿ ಹಿಡಿಯಲು ಹೇಳಿ. ಕೆರೀಬೇಡ ಅಂತ ಗದರಿಸುವುದರಿಂದ ಏನೂ ಆಗುವುದಿಲ್ಲ, ಮಗು ಹೊದಿಕೆಯ ಒಳಗೆ ಕೆರೆಯುತ್ತದೆ.

ಡೆಂಗಿ, ಚಿಕುನ್‌ಗುನ್ಯಾ ಮುಟ್ಟಿದರೆ ಅಂಟುವುದಿಲ್ಲ. ಆದರೆ ಮೊದಲ ವಾರ ರೋಗಿಯನ್ನು ಹಗಲೂ ಸೊಳ್ಳೆಪರದೆಯಲ್ಲಿ ಮಲಗಿಸಿ. ಅವರನ್ನು ಕಚ್ಚಿದ ಈಡಿಸ್ ಸೊಳ್ಳೆಯೇ ಮುಂದೆ ಮನೆಯ ಮಿಕ್ಕವರಿಗೆ ತರುವುದು, ಮತ್ತು ಅದು ಕಚ್ಚುವುದು ಹಗಲು ಹೊತ್ತು.

ಕೆರೆದ ಜಾಗದಲ್ಲಿ ಕೀವು, ಜೇನಿನ ಬಣ್ಣದ ಹಕ್ಕಳೆ, ಸುತ್ತ ಬಿಸಿಯಾಗಿ ಊತ ಹರಡುವುದು, ಇಳಿದಿದ್ದ ಜ್ವರ ಮತ್ತೆ ಏರುವುದು ಕಂಡರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಅಂತ ಲೆಕ್ಕ. ಆಂಟಿಬಯಾಟಿಕ್ ಬೇಕಾಗಬಹುದು, ಡಾಕ್ಟರ ಹತ್ತಿರ ಹೋಗಿ.

9. ದದ್ದು ಹೋದ ಮೇಲೆ

ಸಿಪ್ಪೆ ಏಳುತ್ತಿದ್ದರೆ ಕೀಳಬೇಡಿ, ಎಣ್ಣೆಯೋ ಮಾಯಿಶ್ಚರೈಸರೋ ಹಚ್ಚಿ ಬಿಡಿ. ಕಪ್ಪು ಕಲೆ ನಮ್ಮ ಚರ್ಮದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಿಧಾನಕ್ಕೆ ಹೋಗುತ್ತದೆ. ನಿಂಬೆರಸ, ಬಿಳಿಯಾಗಿಸುವ ಕ್ರೀಮು ಬೇಡ. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಅಥವಾ ತುಂಬು ತೋಳಿನ ಬಟ್ಟೆ. ಜ್ವರ ಬಂದು ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಬಹುದು. ಅದೂ ಜ್ವರದ ಬಾಕಿಯೇ, ಕೆಲವು ತಿಂಗಳಲ್ಲಿ ನಿಲ್ಲುತ್ತದೆ.

ಎರಡು ವಾರ ಕಳೆದರೂ ನವೆ ನಿಂತಿಲ್ಲವಾದರೆ ಹೊಸದಾಗಿ ಯೋಚಿಸಿ. ಮನೆಯಲ್ಲಿ ಇನ್ನೊಬ್ಬರಿಗೂ ರಾತ್ರಿ ನವೆ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಅದು ಕಜ್ಜಿ, ಎಲ್ಲರೂ ಒಟ್ಟಿಗೆ ಚಿಕಿತ್ಸೆ ತೆಗೆದುಕೊಳ್ಳಬೇಕು. ದದ್ದೇ ಇಲ್ಲದೆ ಮೈಯೆಲ್ಲ ನವೆ, ಕಣ್ಣು ಹಳದಿ, ಮೂತ್ರ ಗಾಢ ಬಣ್ಣ ಅಂದರೆ ಕಾಮಾಲೆ. ಅದಕ್ಕೆ ಎರಡು ವಾರ ಕಾಯುವುದೂ ಬೇಡ, ಕಂಡ ದಿನವೇ ರಕ್ತ ಪರೀಕ್ಷೆ ಮಾಡಿಸಿ.

ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆ, ಸ್ಟ್ರಿಪ್ಪುಗಳು, ಹಗಲು ಬೆಳಕಲ್ಲಿ ತೆಗೆದ ಫೋಟೋ ಜೊತೆಗಿರಲಿ. ಗಂಧೆ ಆಸ್ಪತ್ರೆಯ ಸಾಲಿನಲ್ಲಿ ಕೂತಿರುವಾಗಲೇ ಮಾಯವಾಗಿಬಿಡುತ್ತದೆ, ಆಮೇಲೆ ಡಾಕ್ಟರಿಗೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹೋಗುವ ದಿನ ಕ್ಯಾಲಮೈನ್ ಹಚ್ಚಿಕೊಂಡು ಹೋಗಬೇಡಿ, ಅದರ ಕೆಳಗೆ ಏನಿದೆ ಅಂತ ಅವರಿಗೆ ಕಾಣುವುದಿಲ್ಲ.